ಮುಕ್ಕಾಲು ಗಂಟೆಯ ದಾರಿ

“ಇವತ್ತಾದ್ರೂ ಒಂದೇ ಸಲಕ್ಕೆ ತಲುಪಿಸ್ತಾರೇನಮ್ಮ? ಇಲ್ಲಾ, ಅವತ್ತಿನ ಹಾಗೆ ಅರ್ಧ ದಾರಿಯಿಂದ ವಾಪಸ್ ತಂದು ಇಳಿಸ್ತಾರಾ?”

ಪಕ್ಕದ ಸೀಟಿನ ಅಜ್ಜಿ ಎರಡೂ ಕಿವಿಗೆ ಹತ್ತಿ ತುರುಕಿಕೊಳ್ಳುತ್ತ ಹೀಗೆ ಕೇಳಿದಾಗ ಇನ್ಸ್‌ಪೆಕ್ಟರ್ ಸುಮ್ಮನೆ ನಕ್ಕಳು. ವಿಮಾನ ಆಗಷ್ಟೇ ನೆಲ ಬಿಟ್ಟಿತ್ತು. ರೆಕ್ಕೆಗೊಂದರಂತೆ ಪಂಖವಿದ್ದ ಸಣ್ಣ ವಿಮಾನ, ಹಳೇ ಬಸ್ಸಿನ ಹಾಗೆ ಗಡಗಡ ಅನ್ನುತ್ತಿತ್ತು. ಅವಳ ಮಡಿಲಲ್ಲಿ ಕೊಲೆ ಕೇಸಿನ ಫೈಲಿತ್ತು. ಅದಕ್ಕೆ ಸತ್ತವಳ ಗಂಡನದೊಂದು ಸಹಿ ಬಿದ್ದರೆ ಕೆಲಸ ಮುಗಿಯಿತು ಎಂಬ ನಿರಾಳದಲ್ಲಿ ಕೂತಿದ್ದಳು.

ನಗು ಅರ್ಧಕ್ಕೇ ನಿಂತಿತು.

“ಯಾವತ್ತು ಅಜ್ಜಿ?”

“ಹೋದ ಮಂಗಳವಾರ. ಮಗಳ ಮನೆಗೆ ಅಂತ ಹೊರಟಿದ್ದೆ.”

ಅಜ್ಜಿಗೆ ಹೇಳಲು ಹುರುಪು ಬಂತು. ವಿಮಾನ ಮೇಲಕ್ಕೇರಿತ್ತಂತೆ, ಹುಡುಗಿ ನೀರು ಕೊಟ್ಟಳಂತೆ, ಮೈಕಿನಲ್ಲಿ ಯಾರೋ ಏನೋ ಗೊಣಗಿದರಂತೆ. ಕಿವಿಯಲ್ಲಿ ಹತ್ತಿ ಇದ್ದ ಅಜ್ಜಿಗೆ ಏನೂ ಕೇಳಿಸಿರಲಿಲ್ಲ. ಸ್ವಲ್ಪ ಹೊತ್ತಿಗೆ ವಿಮಾನ ಇಳಿಯಿತು. ಊರು ಬಂತು ಅಂದುಕೊಂಡು ಚೀಲ ಹೊತ್ತು, ಅಳಿಯ ಎಲ್ಲಿ ನಿಂತಿದ್ದಾನೋ ಎಂದು ಹುಡುಕುತ್ತ ಹೊರಟರೆ, ಎದುರಿಗೆ ಹೊರಟ ಊರಿನದೇ ನೀರಿನ ಟ್ಯಾಂಕು. ಜೊತೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ.

“ಆ ಕಡೆ ಮೋಡ ಕವಿದಿತ್ತಂತೆ. ಒಳಗಿನ ಹಾಲ್‌ನಲ್ಲಿ ಕೂರಿಸಿದ್ರು. ನಾನು ಒಂದು ನಿದ್ದೆ ತೆಗೆದೆ. ಎಬ್ಬಿಸಿ ಮತ್ತೆ ಹತ್ತಿಸಿದಾಗ ಮಧ್ಯಾಹ್ನ ಆಗ್ತಾ ಬಂದಿತ್ತು.”

ಇನ್ಸ್‌ಪೆಕ್ಟರ್ ಬೆಲ್ಟು ಬಿಚ್ಚಿ ಎದ್ದೇಬಿಟ್ಟಳು. ಗಗನಸಖಿ ಓಡಿಬಂದು ಕೂರಿಸಬೇಕಾಯಿತು. ಕೂತಲ್ಲಿಂದಲೇ ಅವಳನ್ನು ವಿಚಾರಿಸಿದಳು. ಹೌದು ಮೇಡಂ, ಅಂದಳು ಹುಡುಗಿ, ಹೋದ ಮಂಗಳವಾರ ನಾನೇ ಇದ್ದೆ. ಬಂದರಿನ ಊರಿನ ಮೇಲೆ ಏನೂ ಕಾಣುತ್ತಿಲ್ಲವೆಂದು ಸುದ್ದಿ ಬಂತು, ಅರ್ಧ ದಾರಿಯಿಂದಲೇ ತಿರುಗಿಸಿಕೊಂಡು ಬಂದೆವು. ಹೊರಟಲ್ಲೇ ಇಳಿದು ಒಂದು ಗಂಟೆಗೂ ಮೇಲೆ ಕಾದೆವು.

ಇಷ್ಟು ಸಣ್ಣ ಮಾತು. ಇನ್ಸ್‌ಪೆಕ್ಟರಿಗೆ ಮಾತ್ರ ವಿಮಾನ ಏಕಾಏಕಿ ನೂರು ಅಡಿ ಕುಸಿದಂತಾಯಿತು.

ಆ ಮಂಗಳವಾರವೇ ಕಣ್ಣಿನ ಡಾಕ್ಟರ ಹೆಂಡತಿ, ಹೈಸ್ಕೂಲಿನ ಗಣಿತದ ಟೀಚರು, ತಮ್ಮ ನಡುಮನೆಯಲ್ಲಿ ತಲೆಗೆ ಏಟು ಬಿದ್ದು ಸತ್ತಿದ್ದರು. ಅವರ ಒಡಹುಟ್ಟಿದ ತಮ್ಮ ಈಗ ಲಾಕಪ್ಪಿನಲ್ಲಿದ್ದ. ನಾಳೆ ಮತ್ತೆ ಕೋರ್ಟಿಗೆ ಅವನು.

ಕೇಸು ನಿಂತಿದ್ದೇ ಮುಕ್ಕಾಲು ಗಂಟೆಯ ಮೇಲೆ. ಬೆಟ್ಟದ ಊರಿನಿಂದ ಬಂದರಿನ ಊರಿಗೆ ರಸ್ತೆಯಲ್ಲಿ ಮುನ್ನೂರು ಚಿಲ್ಲರೆ ಕಿಲೋಮೀಟರು, ಘಟ್ಟ ಸುತ್ತಿ ಇಳಿಯಲು ಇಡೀ ಹಗಲು ಬೇಕು. ಗಾಳಿಯಲ್ಲಿ ಅದರ ಅರ್ಧವೂ ಇಲ್ಲ, ಮುಕ್ಕಾಲು ಗಂಟೆ. ವಾರಕ್ಕೆರಡು ದಿನ ಬಂದರಿನ ಆಸ್ಪತ್ರೆಯಲ್ಲಿ ಆಪರೇಷನ್ ಮಾಡುವ ಡಾಕ್ಟರು ಅವತ್ತು ಹತ್ತು ಗಂಟೆಯ ವಿಮಾನ ಹತ್ತಿದ್ದರು. ಅವತ್ತು ರಜೆಯಲ್ಲಿದ್ದ ಟೀಚರು ತಾಯಿಗೆ ಫೋನ್ ಮಾಡಿ ನಗುನಗುತ್ತ ಮಾತಾಡಿದ್ದು ಹನ್ನೊಂದರ ಹೊತ್ತಿಗೆ. ಹೆಣ ಸಿಕ್ಕಿದ್ದು ಊಟದ ಹೊತ್ತಿಗೆ. ಅಷ್ಟರಲ್ಲಿ ಗಂಡ ಬೆಟ್ಟದ ಆ ಕಡೆ ಇದ್ದ ಮೇಲೆ ಅವನ ಸುದ್ದಿಯೇ ಬೇಡ ಎಂದು ಎಲ್ಲರೂ ತೀರ್ಮಾನಿಸಿದ್ದರು.

ಉಳಿದವನು ತಮ್ಮ. ಹಿಂದಿನ ಸಂಜೆ ತಾಯಿಯನ್ನು ಯಾರು ನೋಡಿಕೊಳ್ಳಬೇಕು ಎಂದು ಅಕ್ಕನ ಜೊತೆ ಬೀದಿಗೆ ಕೇಳುವ ಹಾಗೆ ಜಗಳವಾಡಿದ್ದ. ಮರುದಿನ ಬೆಳಿಗ್ಗೆ ಅವಳ ಗೇಟಿನ ಹತ್ತಿರ ಸುಳಿದಾಡಿದ್ದ. ಒಳಗೆ ಹೋಗಲು ಧೈರ್ಯ ಬರಲಿಲ್ಲ, ಮಾತಾಡದೆ ಹಿಂದಿರುಗಿದೆ ಅನ್ನುತ್ತಿದ್ದ. ಯಾರು ನಂಬುತ್ತಾರೆ?

ನಡುಮನೆಯ ಮೇಜಿನ ಮೇಲೆ ಎರಡು ಟೀ ಲೋಟ ಇದ್ದವು. ಗೊತ್ತಿಲ್ಲದವರಿಗೆ ಯಾರಾದರೂ ಟೀ ಕೊಟ್ಟು ಎದುರಿಗೆ ಕೂತು ಕುಡಿಯುತ್ತಾರಾ ಮೇಡಂ, ಇದು ಮನೆಯವರದ್ದೇ ಕೆಲಸ ಎಂದು ಮೊದಲು ಅಂದವನು ಇನ್ಸ್‌ಪೆಕ್ಟರ ಠಾಣೆಯ ಹೆಡ್ ಕಾನ್‌ಸ್ಟೇಬಲ್. ಮೂರು ತಿಂಗಳ ಹಿಂದೆ ವರ್ಗವಾಗಿ ಬಂದವನು. ಯಾವ ಮಾತಿಗಾದರೂ ತನ್ನದೊಂದಿಷ್ಟು ಸೇರಿಸದೆ ಬಿಡುವವನಲ್ಲ, ಹಾಗಾಗಿ ಠಾಣೆಯಲ್ಲಿ ಅವನಿಗೆ ಒಗ್ಗರಣೆ ಎಂದೇ ಹೆಸರು. ಪಕ್ಕದ ಮನೆಯವರು ಠಾಣೆಗೆ ಫೋನ್ ಮಾಡಿದಾಗ, ನಾನು ಅಲ್ಲೇ ಹತ್ತಿರದಲ್ಲಿದ್ದೇನೆ ಎಂದು ಎಲ್ಲರಿಗಿಂತ ಮೊದಲು ತಲುಪಿದ್ದವನೂ ಅವನೇ.

ಇಬ್ಬರು ಮಕ್ಕಳಲ್ಲಿ ಒಬ್ಬಳು ಮಣ್ಣಿಗೆ, ಒಬ್ಬ ಕಂಬಿಯ ಹಿಂದಕ್ಕೆ. ಆ ತಾಯಿ ದಿನವೂ ಠಾಣೆಯ ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದಳು. ಏನನ್ನೂ ಕೇಳುತ್ತಿರಲಿಲ್ಲ.

ಇನ್ಸ್‌ಪೆಕ್ಟರ್ ಕಿಟಕಿಗೆ ಹಣೆ ಒತ್ತಿದಳು. ವಿಮಾನ ಹೋಯಿತಾ ಎಂದು ಕಂಪನಿಯವರನ್ನು ಕೇಳಿದ್ದಳು. ಹತ್ತಕ್ಕೆ ಸರಿಯಾಗಿ ಹೋಯಿತು ಅಂದಿದ್ದರು. ಸುಳ್ಳೇನಲ್ಲ. ಹೋದದ್ದು ಮರಳಿ ಬಂತಾ ಎಂದು ಯಾರು ಕೇಳುತ್ತಾರೆ?

ಆದರೆ ಇನ್ನೊಬ್ಬರನ್ನೂ ಕೇಳಿದ್ದಳು.

ಅವಳ ಗಂಡ ಬೆಟ್ಟದ ಊರಿನ ವಿಮಾನ ನಿಲ್ದಾಣದ ಗೋಪುರದಲ್ಲಿ ಕೂರುವವನು. ಬರುವ ಹೋಗುವ ವಿಮಾನಗಳಿಗೆ ದಾರಿ ಹೇಳುವುದೇ ಅವನ ಉದ್ಯೋಗ. ಮೊನ್ನೆ ಊಟಕ್ಕೆ ಕೂತಾಗ ಕೇಳಿದ್ದಳು, ಮಂಗಳವಾರದ ವಿಮಾನ ಎಷ್ಟು ಹೊತ್ತು ತಗೊಂಡಿತು ಎಂದು. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ.

“ಯಾವಾಗಲೂ ತಗೊಳ್ಳೋ ಅಷ್ಟೇ. ಮುಕ್ಕಾಲು ಗಂಟೆ.”

ಅದನ್ನೇ ಅವಳು ನಂಬಿದ್ದಳು. ಹದಿನೆಂಟು ವರ್ಷ ಒಂದೇ ಸೂರಿನಡಿ ಬಾಳಿದವನ ಮಾತಿಗೆ ಸಾಕ್ಷಿ ಕೇಳುವುದುಂಟೇ?

ಅಜ್ಜಿ ಅವಳ ಮುಖ ನೋಡಿ, ಹೆದರಬೇಡಮ್ಮ, ಇವತ್ತು ಮೋಡ ಇಲ್ಲ, ತಲುಪ್ತೀವಿ ಎಂದು ಕೈ ತಟ್ಟಿದಳು.

*

ಬಂದರಿನ ಊರಿನ ಕಣ್ಣಾಸ್ಪತ್ರೆಯಲ್ಲಿ ಡಾಕ್ಟರ ಕೋಣೆ ಹಗಲಲ್ಲೂ ಮಬ್ಬಾಗಿತ್ತು. ಕಿಟಕಿಗೆ ದಪ್ಪ ಪರದೆ. ಗೋಡೆಯ ಮೇಲೆ ದೊಡ್ಡಕ್ಷರದಿಂದ ಸಣ್ಣಕ್ಷರಕ್ಕೆ ಇಳಿಯುವ ಫಲಕವೊಂದೇ ಬೆಳಗುತ್ತಿತ್ತು. ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಒಂದು ದೊಡ್ಡ ಕಣ್ಣು, ಎರಡು ಹೋಳಾಗಿ ಬಿಚ್ಚಿಟ್ಟಿದ್ದರು.

ಡಾಕ್ಟರು ಒಂದು ವಾರದಲ್ಲಿ ಹತ್ತು ವರ್ಷ ಹೆಚ್ಚಿದವರಂತೆ ಕಾಣುತ್ತಿದ್ದರು. ಅಂಗಿಯ ಗುಂಡಿ ಒಂದು ಮೇಲೆ ಒಂದು ಕೆಳಗೆ ಹಾಕಿಕೊಂಡಿದ್ದರು. ಪೇಷಂಟನ್ನು ಹೊರಗೆ ಕಳಿಸಿ, ಪೆನ್ನು ತೆಗೆದು, ಎಲ್ಲಿ ಸಹಿ ಹಾಕಬೇಕು ಎಂದು ಕೇಳಿದರು.

ಅವಳು ಫೈಲು ಬಿಚ್ಚಲಿಲ್ಲ.

“ಸಹಿ ಆಮೇಲೆ. ಹೋದ ಮಂಗಳವಾರ ನೀವು ಈ ಆಸ್ಪತ್ರೆಗೆ ಎಷ್ಟು ಹೊತ್ತಿಗೆ ಬಂದ್ರಿ?”

“ಯಾವಾಗಲೂ ಬರೋ ವಿಮಾನದಲ್ಲೇ ಬಂದೆ.”

“ಯಾವ ವಿಮಾನ ಅಂತ ಕೇಳ್ತಿಲ್ಲ ಡಾಕ್ಟ್ರೇ. ಎಷ್ಟು ಹೊತ್ತಿಗೆ ಅಂತ ಕೇಳ್ತಿದ್ದೀನಿ.”

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. ಸರಿಯಾಗಿ ಕೂರಲಿಲ್ಲವೇನೋ, ಮತ್ತೆ ತೆಗೆದು ಹಾಕಿದರು.

“ಗೊತ್ತಾಯ್ತಾ ನಿಮಗೆ” ಅಂದರು ಕೊನೆಗೆ.

“ಯಾಕೆ ಹೇಳ್ಲಿಲ್ಲ?”

“ನೀವು ಕೇಳ್ಲಿಲ್ಲ.”

ಅವಳಿಗೆ ಮೈಯೆಲ್ಲ ಉರಿಯಿತು. ಆದರೂ ದನಿ ಏರಿಸಲಿಲ್ಲ. ಒಂದೊಂದಾಗಿ ಮುಂದಿಟ್ಟಳು. ನಿಲ್ದಾಣದಿಂದ ಅವರ ಮನೆಗೆ ಹತ್ತು ನಿಮಿಷದ ದಾರಿ. ವಿಮಾನ ಮರಳಿ ಇಳಿದ ಮೇಲೆ ಕೈಯಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು. ಹನ್ನೊಂದಕ್ಕೆ ಹೆಂಡತಿ ಬದುಕಿದ್ದಾಳೆ. ಊಟದ ಹೊತ್ತಿಗೆ ಅವಳಿಲ್ಲ. ಹೆಂಡತಿ ಸತ್ತಾಗ ಬೆಟ್ಟದ ಆ ಕಡೆ ಇದ್ದೆ ಎಂದು ಊರನ್ನೆಲ್ಲ ನಂಬಿಸಿದ ಗಂಡ ಅದೇ ಊರಿನ ನೆಲದ ಮೇಲೆ ಕೂತಿದ್ದಾನೆ. ಅವರ ಭಾವಮೈದುನ ನಾಳೆ ಕೋರ್ಟಿನ ಕಟಕಟೆ ಹತ್ತುತ್ತಾನೆ.

ಡಾಕ್ಟರು ತಡೆಯದೆ ಕೇಳಿಸಿಕೊಂಡರು. ತಪ್ಪಿತಸ್ಥನ ಮುಖವನ್ನು ಅವಳು ಸಾಕಷ್ಟು ನೋಡಿದ್ದಳು. ಇದು ಹಾಗಿರಲಿಲ್ಲ. ಎದುರಿಗಿದ್ದವರನ್ನು ಕಂಡು ಮರುಗುವ ಮುಖ ಅದು. ಅದನ್ನು ನೋಡಿಯೇ ಅವಳಿಗೆ ಮೊದಲ ಸಲ ಅಳುಕು ಹುಟ್ಟಿತು.

“ಒಳಗೆ ಕೂರಿಸಿದ ಪ್ರಯಾಣಿಕರನ್ನ ಹೊರಗೆ ಬಿಡೋಲ್ಲ ಮೇಡಂ. ಅಲ್ಲಿ ಕಾವಲಿಗಿದ್ದ ಹೆಣ್ಣುಮಗಳನ್ನ ಕೇಳಿ. ನಾನು ಕುರ್ಚಿ ಬಿಟ್ಟು ಏಳ್ಲಿಲ್ಲ.”

“ಸಿಬ್ಬಂದಿ ಗೇಟು ಒಂದಿದೆ. ಯಾರಾದ್ರೂ ತೆಗೆದು ಬಿಟ್ಟಿರಬಹುದು.”

“ತೆಗೆದಿದ್ದು ನಿಜ.” ಡಾಕ್ಟರು ನೆಲ ನೋಡಿದರು. “ಆದ್ರೆ ಹೊರಗೆ ಹೋದದ್ದು ನಾನಲ್ಲ. ನಿಮ್ಮ ಮನೆಯವರು.”

ಫಲಕದ ದೊಡ್ಡ ಅಕ್ಷರಗಳೂ ಅವಳ ಕಣ್ಣಿಗೆ ಒಂದರ ಮೇಲೊಂದು ಬಿದ್ದವು.

ಆಮೇಲೆ ಡಾಕ್ಟರು ಹೇಳಿದ್ದನ್ನೆಲ್ಲ ಅವಳು ಯಾವುದೋ ಬೇರೆ ಮನೆಯ ಸುದ್ದಿ ಕೇಳುವಂತೆ ಕೇಳಿದಳು. ಆಪರೇಷನ್ನಿಗೆ ಬೇಕಾದ ಲೆನ್ಸುಗಳ ಡಬ್ಬಿಯನ್ನು ಮನೆಯಲ್ಲೇ ಮರೆತದ್ದು ಅವರಿಗೆ ನೆನಪಾದದ್ದು ವಿಮಾನದಲ್ಲಿ. ಅದು ಮರಳಿ ಇಳಿದದ್ದು ದೇವರು ಕೊಟ್ಟಂತಾಯಿತು. ಹೆಂಡತಿಗೆ ಫೋನ್ ಮಾಡಿದರೆ ಲೈನು ಬಿಡುವಿರಲಿಲ್ಲ, ತಾಯಿಯ ಜೊತೆ ಮಾತಾಡುತ್ತಿದ್ದಳು. ಗೋಪುರದಲ್ಲಿದ್ದ ಪರಿಚಯದವನಿಗೆ ಮಾಡಿದರು. ಮೋಡ ಸರಿಯುವ ತನಕ ಯಾವ ವಿಮಾನವೂ ಇರಲಿಲ್ಲ. ಅವನು ತನ್ನ ಸ್ಕೂಟರಿನಲ್ಲಿ ಹೋಗಿ ಡಬ್ಬಿ ತಂದುಕೊಟ್ಟ. ಹೆಂಡತಿ ಮನೆಯಲ್ಲಿದ್ದಳಾ ಎಂದು ಕೇಳಿದ್ದಕ್ಕೆ ಇದ್ದಾರೆ ಅಂದ. ಅಷ್ಟೇ.

“ಗೋಪುರ ಬಿಟ್ಟು ಹೋಗೋ ಹಾಗಿಲ್ಲ ಅವರು” ಅಂದಳು ಅವಳು. ದನಿ ತನ್ನದೇ ಅನಿಸಲಿಲ್ಲ. “ನೀವು ಹೇಳಿದ್ರಿ ಅಂತ ಯಾಕೆ ಹೋಗ್ತಾರೆ?”

ಡಾಕ್ಟರು ಪ್ಲಾಸ್ಟಿಕ್ಕಿನ ಕಣ್ಣಿನ ಹೋಳೊಂದನ್ನು ಕೈಗೆತ್ತಿಕೊಂಡು ಮತ್ತೆ ಇಟ್ಟರು.

“ನನ್ನ ಮಾತು ತೆಗೆದುಹಾಕೋ ಹಾಗಿರ್ಲಿಲ್ಲ. ಎರಡು ವರ್ಷದಿಂದ ಅವರ ಕಣ್ಣು ಹೋಗ್ತಿದೆ. ಸುತ್ತಲಿಂದ ಮುಚ್ಕೊಂಡು ಬರ್ತಿದೆ, ಕೊಳವೆಯೊಳಗಿಂದ ನೋಡಿದ ಹಾಗೆ. ಎದುರಿಗಿದ್ದದ್ದು ಕಾಣುತ್ತೆ, ಪಕ್ಕದ್ದು ಕಾಣೋಲ್ಲ. ಪ್ರತಿ ಸಲ ಪರೀಕ್ಷೆಗೆ ಬಂದಾಗ ನಾನೇ ಸರಿ ಇದೆ ಅಂತ ಬರೆದುಕೊಟ್ಟೆ. ಕೆಲಸ ಹೋಗುತ್ತೆ, ಹೆಂಡತಿಗೆ ಗೊತ್ತಾಗುತ್ತೆ ಅಂತ ಕಣ್ಣೀರು ಹಾಕಿದ್ರು.”

ಅವಳು ಕುರ್ಚಿಯ ಕೈ ಹಿಡಿದುಕೊಂಡಳು.

ಬಾಗಿಲ ಚೌಕಟ್ಟಿಗೆ ಹೆಗಲು ಬಡಿದುಕೊಂಡು, ಯಾವನು ಕಟ್ಟಿದನೋ ಈ ಮನೆ ಎಂದು ಬೈಯುತ್ತಿದ್ದ ಗಂಡ. ಲೋಟವನ್ನು ಮೇಜಿನ ಅಂಚಿಗೆ ಇಟ್ಟು ಕೆಡವುತ್ತಿದ್ದ ಗಂಡ. ಸಂಜೆಯ ವಾಕಿಂಗ್ ಬೇಸರ ಎಂದು ಬಿಟ್ಟುಬಿಟ್ಟವನು. ವಯಸ್ಸಾಯ್ತು ನಿಮಗೆ ಎಂದು ಅವಳು ತಮಾಷೆ ಮಾಡಿದ್ದಳು. ಊರವರ ಮನೆಯ ಕಸದಲ್ಲೂ ಸುಳಿವು ಹುಡುಕುವವಳಿಗೆ ತನ್ನ ಪಕ್ಕದಲ್ಲಿ ಮಲಗಿದವನ ಕಣ್ಣು ಮುಚ್ಚುತ್ತ ಬಂದದ್ದು ಕಂಡಿರಲಿಲ್ಲ.

“ನಿಮ್ಮ ಹೆಂಡತಿ ಸತ್ತಿದ್ದಾರೆ ಡಾಕ್ಟ್ರೇ” ಅಂದಳು. “ಆ ಹೊತ್ತಲ್ಲಿ ಮನೆಗೆ ಯಾರು ಹೋಗಿದ್ರು ಅಂತ ಗೊತ್ತಿದ್ದೂ ಬಾಯಿ ಮುಚ್ಕೊಂಡು ಕೂತ್ರಿ.”

“ತಮ್ಮನೇ ಮಾಡಿದ್ದು ಅಂತ ನೀವೇ ಹೇಳಿದ್ರಿ.” ಡಾಕ್ಟರು ಪೆನ್ನನ್ನು ಜೇಬಿಗೆ ಸಿಕ್ಕಿಸಿದರು. “ನಂಬೋದು ನನಗೂ ಸುಲಭ ಇತ್ತು. ನಾನು ಬಾಯಿ ಬಿಟ್ರೆ ನಿಮ್ಮವರ ಕೆಲಸ ಹೋಗುತ್ತೆ, ನನ್ನ ಹೆಸರೂ ಹೋಗುತ್ತೆ. ಮೂರು ರಾತ್ರಿಯಿಂದ ನಿದ್ದೆ ಇಲ್ಲ ನನಗೆ. ಅವತ್ತು ಡಬ್ಬಿ ಕೈಗಿಟ್ಟು ಅವರು ಮುಖ ತಪ್ಪಿಸಿ ಹೊರಟುಬಿಟ್ರು. ಯಾಕೆ ಅಂತ ಕೇಳ್ಲಿಲ್ಲ ನಾನು. ಕೇಳಬೇಕಿತ್ತು.”

*

ಆಸ್ಪತ್ರೆಯ ಹಿಂದಿನ ಕಾರಿಡಾರಿನಲ್ಲಿ, ಕಣ್ಣಿಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು ಸಾಲಾಗಿ ಕೂತ ಮುದುಕರ ನಡುವೆ ನಿಂತು ಅವಳು ಫೋನ್ ಮಾಡಿದಳು.

ಮೊದಲು ನಿಲ್ದಾಣದ ಕಾವಲಿನ ಹೆಣ್ಣುಮಗಳಿಗೆ. ಡಾಕ್ಟರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅವರು ಹಾಲ್‌ನಲ್ಲೇ ಇದ್ದರು, ಫೋನಿನ ಚಾರ್ಜರ್ ಬೇಕೆಂದು ತನ್ನನ್ನೇ ಕೇಳಿದ್ದರು ಎಂದಳು ಅವಳು. ಸಿಬ್ಬಂದಿ ಗೇಟು ಅವತ್ತು ತೆರೆದದ್ದು ಒಬ್ಬರಿಗೇ. ಯಾರಿಗೆ ಎಂದು ಹೇಳಲು ಹಿಂದೆಮುಂದೆ ನೋಡಿದಳು. ಗೊತ್ತು ಬಿಡಮ್ಮ ಎಂದು ಇನ್ಸ್‌ಪೆಕ್ಟರೇ ಫೋನ್ ಇಟ್ಟಳು.

ಆಮೇಲೆ ಗಂಡನ ನಂಬರು ಒತ್ತಿದಳು. ಒಂದು ಸಲ ರಿಂಗಾಗುವ ಮೊದಲೇ ಕತ್ತರಿಸಿದಳು.

ಬೇರೆ ಯಾರ ಗಂಡನಾಗಿದ್ದರೂ ಹೀಗೆ ಮೊದಲೇ ಸುಳಿವು ಕೊಡುತ್ತಿದ್ದಳಾ? ಇಲ್ಲ. ಫೋನ್ ಕತ್ತರಿಸಿದ್ದಕ್ಕೆ ಅದು ಬಾಯಿಮಾತಿಗೆ ಹೇಳಿಕೊಂಡ ಕಾರಣ. ಒಳಗಿನ ಕಾರಣ ಬೇರೆ ಇತ್ತು. ಅವನು ಹಲೋ ಅಂದರೆ ಸಾಕು, ಆ ದನಿಯಲ್ಲೇ ತನಗೆ ಎಲ್ಲ ಗೊತ್ತಾಗಿಬಿಡುತ್ತದೆ ಎಂಬ ಭಯ. ಹುಳವನ್ನು ಕೊಲ್ಲದೆ ಕಾಗದದಲ್ಲಿ ಎತ್ತಿ ಹೊರಗೆ ಬಿಡುವ ಮನುಷ್ಯ ಅವನು. ಆದರೆ ಅದೇ ಮನುಷ್ಯ ಎರಡು ವರ್ಷ ಅವಳ ಎದುರಿಗೆ ಕೂತು, ಕಾಣದ್ದನ್ನು ಕಂಡವನಂತೆ ನಟಿಸಿದ್ದ. ಇನ್ನೂ ಏನೇನು ನಟಿಸಿದ್ದಾನೋ?

ಒಬ್ಬ ಮುದುಕ ಯಾರೋ ನಿಂತಿರುವುದನ್ನು ಸಪ್ಪಳದಲ್ಲೇ ತಿಳಿದು ಬೆಂಚಿನಲ್ಲಿ ಜಾಗ ಬಿಟ್ಟ. ಕೂತಳು.

ಒಂದು ವಿಷಯ ಮಾತ್ರ ಸ್ಪಷ್ಟವಿತ್ತು. ಸಂಜೆಯ ವಿಮಾನದಲ್ಲಿ ತನ್ನ ಜೊತೆ ಇನ್ನೂ ಅರವತ್ತು ಜನ ಇರುತ್ತಾರೆ. ಅವರನ್ನೆಲ್ಲ ಇಳಿಸುವ ಕುರ್ಚಿಯಲ್ಲಿ, ಪಕ್ಕದ್ದು ಕಾಣದವನು ಕೂತಿರಬಾರದು. ಅದನ್ನು ಹೇಳಿದ ಗಳಿಗೆಗೆ ಅವನ ಬಾಳು ಮುಗಿಯಿತು. ಹೇಳದೆ ಇರುವ ಹಾಗೂ ಇಲ್ಲ.

ಠಾಣೆಗೆ ಫೋನ್ ಮಾಡಿ ಒಗ್ಗರಣೆಯನ್ನು ಕರೆಸಿದಳು. ಹೇಳಬೇಕಾದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ನಿಲ್ದಾಣದ ಅಧಿಕಾರಿಯನ್ನು ಕಂಡು, ನನ್ನ ವಿಮಾನ ಬರುವ ಮೊದಲು ಗೋಪುರಕ್ಕೆ ಬೇರೆಯವರನ್ನು ಕೂರಿಸಲು ಹೇಳಿ. ನಮ್ಮ ಮನೆಯವರನ್ನು ಕೆಳಗಿನ ಕೋಣೆಯಲ್ಲಿ ಕೂರಿಸಿಕೊಂಡಿರಿ. ನಾನು ಬರುವ ತನಕ ಎಲ್ಲಿಗೂ ಬಿಡಬೇಡಿ.

ಯಾವ ಮಾತಿಗೂ ತನ್ನದೊಂದು ಸೇರಿಸುವವನು ಇವತ್ತು ಸುಮ್ಮನಿದ್ದ.

“ಕೇಳಿಸ್ತಾ?”

“ಕೇಳಿಸ್ತು ಮೇಡಂ. ಸಾಹೇಬ್ರು ಆ ಹೊತ್ತಲ್ಲಿ ಟೀಚರ ಮನೆ ಒಳಗೆ ಹೋಗಿದ್ರಾ?”

“ಡಬ್ಬಿ ತಂದಿದ್ದಾರೆ ಅಂದ್ಮೇಲೆ ಹೋಗಿರ್ಲೇಬೇಕಲ್ಲ.”

“ಅಲ್ಲಿ ಯಾರನ್ನಾದ್ರೂ ನೋಡಿದ್ರು ಅಂತ ಏನಾದ್ರೂ ಹೇಳಿದ್ರಾ?”

“ನಾನಿನ್ನೂ ಅವರ ಹತ್ತಿರ ಮಾತಾಡಿಲ್ಲ. ಯಾರೂ ಮಾತಾಡಿಲ್ಲ.”

ಒಗ್ಗರಣೆ ಗಂಟಲು ಸರಿಮಾಡಿಕೊಂಡ. ಆಮೇಲೆ ಮೆತ್ತಗೆ, ಮನೆಯ ಹಿರಿಯನಂತೆ ಹೇಳಿದ. ಸ್ಟೇಷನ್ನಿನ ಹುಡುಗರು ಯಾರೂ ಬೇಡ, ನಾಲ್ಕು ಬಾಯಿಗೆ ಬಿದ್ದರೆ ನಿಮ್ಮ ಮರ್ಯಾದೆ ಹೋಗುತ್ತದೆ, ನಾನೊಬ್ಬನೇ ಹೋಗುತ್ತೇನೆ. ಸಾಹೇಬರನ್ನು ನಾನು ನೋಡಿದವನಲ್ಲ, ಆದರೂ ಮನೆಯವರಂತೆ ನೋಡಿಕೊಳ್ಳುತ್ತೇನೆ. ನೀವು ಧೈರ್ಯವಾಗಿ ಬನ್ನಿ.

ಅಷ್ಟು ಹೊತ್ತು ಬಿಗಿಹಿಡಿದಿದ್ದ ಅಳು ಆಗ ಬಂತು ಅವಳಿಗೆ. ಇಂಥ ಹೊತ್ತಲ್ಲಿ ಇವನೊಬ್ಬ ಇದ್ದಾನಲ್ಲ ಎಂದು ಮನಸ್ಸಿನಲ್ಲೇ ಕೈ ಮುಗಿದಳು.

*

ಸಂಜೆಯ ವಿಮಾನ ಹೊತ್ತಿಗೆ ಸರಿಯಾಗಿ ಎದ್ದಿತು. ಮುಳುಗಲು ಹೊರಟ ಸೂರ್ಯ ಹಿಂದೆ ಉಳಿದ. ಡಾಕ್ಟರನ್ನು ಅಲ್ಲಿನ ಪೊಲೀಸರ ಕಣ್ಣಳತೆಯಲ್ಲಿ ಬಿಟ್ಟು ಬಂದಿದ್ದಳು.

ಮುಕ್ಕಾಲು ಗಂಟೆ ಇಷ್ಟು ಉದ್ದವಿರಬಹುದೆಂದು ಅವಳಿಗೆ ಗೊತ್ತಿರಲಿಲ್ಲ. ಕೆಳಗೆ ಬೆಟ್ಟದ ಬೆನ್ನು ದಾಟುತ್ತಲೇ ಇತ್ತು. ಇಳಿದ ಮೇಲೆ ಅವನಿಗೆ ಮೊದಲು ಏನು ಕೇಳುವುದು? ಟೀಚರಿಗೆ ಏನು ಮಾಡಿದ್ರಿ ಅಂತಲೇ? ನನಗ್ಯಾಕೆ ಹೇಳ್ಲಿಲ್ಲ ಅಂತಲೇ? ಎರಡನೆಯದೇ ನಾಲಿಗೆಗೆ ಬರುತ್ತಿತ್ತು. ಅದಕ್ಕಾಗಿ ತನ್ನ ಮೇಲೇ ಸಿಟ್ಟು ಬಂತು. ಅಲ್ಲೊಬ್ಬಳು ಸತ್ತಿದ್ದಾಳೆ, ಒಬ್ಬ ತಾಯಿ ಮೆಟ್ಟಿಲ ಮೇಲೆ ಕೂತಿದ್ದಾಳೆ, ನನಗೆ ನನ್ನ ಸಂಸಾರದ ಚಿಂತೆ.

ವಿಮಾನ ಬಾಗಿತು. ಊರಿನ ಹೆಂಚುಗಳು ಕಂಡವು. ಚಕ್ರ ಬಿಚ್ಚಿದ ಸದ್ದು ಕಾಲಡಿ ಬಂತು.

ಬೆಳಗಿನ ಗಗನಸಖಿಯೇ ಮುಂದಿನಿಂದ ಸೀಟು ಸೀಟು ಹಿಡಿದುಕೊಂಡು ಬಂದು ಅವಳ ಪಕ್ಕ ಮಂಡಿಯೂರಿದಳು. ಮುಖ ಬಿಳಿಚಿತ್ತು.

“ಮೇಡಂ, ಗೋಪುರದವರು ಕ್ಯಾಪ್ಟನ್ ಹತ್ತಿರ ನಿಮಗೊಂದು ಮಾತು ಹೇಳಿಕಳಿಸಿದ್ದಾರೆ. ಹೇಳಿದ್ದು ಹೇಳಿದ ಹಾಗೇ ಮುಟ್ಟಿಸಬೇಕಂತೆ.”

ಅವಳಿಗೆ ಮೊದಲು ಹೊಳೆದದ್ದು, ಇನ್ನೂ ಅವನೇ ಆ ಕುರ್ಚಿಯಲ್ಲಿದ್ದಾನೆ ಎಂಬುದು. ಹೇಳು ಎಂದು ಕಣ್ಣಲ್ಲೇ ಸನ್ನೆ ಮಾಡಿದಳು.

ಹುಡುಗಿ ಪಾಠ ಒಪ್ಪಿಸುವವಳಂತೆ ಹೇಳಿದಳು. “ಅವತ್ತು ನಾನು ಹೋದಾಗ ಟೀಚರ್ ಬದುಕಿದ್ರು. ಡಬ್ಬಿ ಅವರೇ ಬಾಗಿಲಿಗೆ ತಂದುಕೊಟ್ರು. ಹೆದರಿದ್ರು. ಒಳಗೊಬ್ಬ ಗಂಡಸು ಜೋರು ಮಾಡ್ತಿದ್ದ. ನನಗೆ ಮುಖ ಕಾಣ್ಲಿಲ್ಲ, ದನಿ ಮಾತ್ರ ಕೇಳಿಸ್ತು. ಅವರನ್ನ ಹಾಗೇ ಬಿಟ್ಟು ಬಂದೆ. ನನ್ನ ಕಣ್ಣಿನ ಗುಟ್ಟು ಹೊರಬೀಳುತ್ತೆ ಅಂತ ಇಷ್ಟು ದಿನ ಬಾಯಿ ಬಿಡ್ಲಿಲ್ಲ. ತಪ್ಪಾಯ್ತು.”

ಹುಡುಗಿ ನಿಲ್ಲಿಸಿದಳು.

“ಇಷ್ಟೇನಾ?”

“ಇನ್ನೊಂದಿದೆ.” ಅವಳ ತುಟಿ ಒಣಗಿತ್ತು. “ಅದೇ ದನಿ ಈಗ ನನ್ನ ಮೆಟ್ಟಿಲ ಮೇಲೆ ಕೇಳಿಸ್ತಿದೆ. ಮೇಡಂ ಕಳಿಸಿದ್ದಾರೆ, ಬಾಗಿಲು ತೆಗೀರಿ ಅಂತ ಕೂಗ್ತಾ ಹತ್ತಿ ಬರ್ತಿದ್ದಾನೆ. ನಿಜವಾಗ್ಲೂ ನೀನೇ ಕಳಿಸಿದೆಯಾ?”

ಇನ್ಸ್‌ಪೆಕ್ಟರಿಗೆ ಆ ದನಿ ಯಾರದೆಂದು ಹೊಳೆಯಿತು. ಒಗ್ಗರಣೆ. ಹುಡುಗಿಯ ಎರಡೂ ತೋಳು ಹಿಡಿದಳು. ಬಾಗಿಲು ತೆಗೆಯಬೇಡಿ ಅಂತ ಹೇಳು ಅಂದಳು, ಓಡು, ಏನಾದ್ರೂ ಆಗಲಿ ತೆಗೆಯಬೇಡಿ ಅಂತ ಹೇಳು.

ಹುಡುಗಿ ಓಡಿದಳು. ರನ್‌ವೇಯ ಬಿಳಿ ಗೆರೆಗಳು ಕಿಟಕಿಯ ಕೆಳಗೆ ಹತ್ತಿರವಾಗುತ್ತ ಬಂದವು. ಇನ್ನೇನು ನೆಲ ಮುಟ್ಟಬೇಕು.

ಮುಂದಿನ ಪರದೆ ಸರಿಯಿತು. ಹುಡುಗಿ ಅಲ್ಲಿಂದಲೇ ತಲೆ ಅಲ್ಲಾಡಿ‌ಸಿದಳು. ಗೋಪುರದಿಂದ ಉತ್ತರ ಬರುತ್ತಿರಲಿಲ್ಲ.

ಎಂಜಿನ್ನು ಒಮ್ಮೆಲೇ ಭೋರ್ಗರೆಯಿತು. ಇಳಿಯಲು ಗೋಪುರದ ಅಪ್ಪಣೆ ಸಿಗದ ವಿಮಾನ ಮೂಗೆತ್ತಿ, ನೆಲ ಮುಟ್ಟದೆ, ರನ್‌ವೇಯ ಮೇಲೆಯೇ ಹಾರುತ್ತ ಗೋಪುರದ ಪಕ್ಕದಲ್ಲಿ ಹಾದುಹೋಯಿತು. ಸುತ್ತಲೂ ಗಾಜಿದ್ದ ಆ ಕೋಣೆ ಅವಳ ಕಿಟಕಿಯ ಎತ್ತರಕ್ಕೇ ಬಂತು. ಸಂಜೆಯ ಬೆಳಕು ನೇರ ಒಳಗೆ ಬಿದ್ದಿತ್ತು.

ಕುರ್ಚಿ ಖಾಲಿ. ಅದರ ಪಕ್ಕ ಒಬ್ಬನೇ ನಿಂತಿದ್ದ. ಖಾಕಿ ತೊಟ್ಟವನು. ಹಾರಿಹೋಗುವ ವಿಮಾನದ ಕಿಟಕಿಗಳನ್ನು ಒಂದೊಂದಾಗಿ ನೋಡುತ್ತಿದ್ದ.